ನಿದ್ದೆ ಸಾಹೇಬರು

1944ನೆಯ ಇಸವಿ, ಸಂಕ್ರಾಂತಿಯ ಮುಂದಿನ ವಾರ, ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಹಳೇಕೋಟೆಯ ಚಿಕ್ಕೇಗೌಡರ ಮನೆಯ ಕೊಟ್ಟಿಗೆ. ಹಾಜರಿದ್ದವರು: ಮನೆಯ ಯಜಮಾನ ಚಿಕ್ಕೇಗೌಡರು, ಅವರ ತಾಯಿ ನಿಂಗಮ್ಮ, ಕೊಣನೂರಿನ ಹೊಗೆಸೊಪ್ಪಿನ ವ್ಯಾಪಾರಿ ಮಹಾದೇವಪ್ಪನವರು, ನಮ್ಮ ಬಿತ್ತನೆ ಫಾರಂನ ಸಾಹೇಬರು, ಮತ್ತು ಅವರ ಕೈಕೆಳಗೆ ಫೀಲ್ಡ್‌ಮನ್ ಆಗಿದ್ದ ನಾನು. ನಮ್ಮೆಲ್ಲರ ನಡುವೆ ಹುಲ್ಲು ಹೊದಿಸಿ, ಮೇಲೆ ಬೀಸುವ ಕಲ್ಲು ಹೇರಿದ ಎರಡು ಗೋಣಿಚೀಲಗಳು.

ಚೀಲದಲ್ಲಿದ್ದದ್ದು ನೆನೆಸಿ ಮೊಳಕೆಗೆ ಇಟ್ಟ ಬಿತ್ತನೆ ಭತ್ತ. ಅದು ಮೊಳೆತಿದ್ದರೆ ಸಂಜೆಯೊಳಗೆ ಒಟ್ಲುಪಾತಿಗೆ ಚೆಲ್ಲಿ ಸಸಿ ಎಬ್ಬಿಸಬಹುದು. ಚಿಕ್ಕೇಗೌಡರ ಗದ್ದೆಗೆ ನಾಲೆಯ ನೀರಿನ ಸರದಿ ಮಾರನೆಯ ಬೆಳಿಗ್ಗೆಗೆ ಮುಗಿಯುತ್ತಿತ್ತು. ಮೊಳೆಯದಿದ್ದರೆ ಆ ಬೇಸಿಗೆಗೆ ಅವರ ಗದ್ದೆ ಬೀಳು. ಯುದ್ಧದ ವರ್ಷ. ಕಣದಲ್ಲಿದ್ದ ಭತ್ತದ ದೊಡ್ಡ ಪಾಲು ಸರ್ಕಾರದ ಕಡ್ಡಾಯ ಲೆವಿಗೆ ಹೋಗಿತ್ತು. ಉಳಿದದ್ದರಲ್ಲಿ ಎಂಟು ಜನರ ಮನೆ ಮುಂದಿನ ಸುಗ್ಗಿಯವರೆಗೆ ಉಣ್ಣಬೇಕಾಗಿತ್ತು.

"ಬಿಚ್ಚನಾ ಸಾ?" ಎಂದರು ಚಿಕ್ಕೇಗೌಡರು.

"ತಡೀರಿ" ಎಂದರು ಸಾಹೇಬರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಸಾಹೇಬರು ಈಚೆಗೆ ತೀರಿಕೊಂಡರು. ಸುದ್ದಿ ಕಿವಿಗೆ ಬಿದ್ದಾಗ ನನಗೆ ಮೊದಲು ನೆನಪಾದದ್ದು ಆ ಚೀಲಗಳ ಮುಂದೆ ಹಾಗೆ ಟೋಪಿ ತೆಗೆದು ನಿಂತ ಅವರ ರೂಪ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಭತ್ತದ ಹೊಸ ತಳಿಗೆ ಅವರ ಹೆಸರಿಡೋಣವೆಂದು ಯಾರೋ ಅಂದಾಗ, "ಭತ್ತಕ್ಕೆ ನಂಬರು ಸಾಕು, ನನಗೆ ಅದೂ ಬೇಡ" ಎಂದವರು ಅವರು. ಊರುಗಳಲ್ಲಿ ಅವರಿಗೆ ಇದ್ದ ಹೆಸರು ನಿದ್ದೆ ಸಾಹೇಬ್ರು. ಅದನ್ನು ಬಳಸಿದರೆ ಅವರಿಗೆ ಬೇಸರವಿರಲಿಲ್ಲ.

ಈ ಹೆಸರು ಬಂದದ್ದು ಅವರ ನಿದ್ದೆಯಿಂದಲ್ಲ. ನಾನು ಅವರ ಜೊತೆ ಕೆಲಸ ಮಾಡಿದಷ್ಟು ವರ್ಷ ಅವರು ಹಗಲು ಕಣ್ಣು ಮುಚ್ಚಿದ್ದನ್ನು ಒಮ್ಮೆ ಬಿಟ್ಟು ಕಂಡಿಲ್ಲ. ಊಟದ ಮೇಲೆ ಗುಮಾಸ್ತರು ಗೋಡೆಗೆ ಒರಗಿದರೆ ಅವರ ಪಕ್ಕದಲ್ಲೇ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ನಿದ್ದೆ ಬೀಜಕ್ಕೆ ಕಣ್ರೀ, ಸಂಬಳ ತಗೊಳ್ಳೋರಿಗಲ್ಲ." ಮಠದ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದ ನನಗೆ ಇದು ಸರಿಹೋಯಿತು. ಉಳಿದವರು ಗೊಣಗುತ್ತಿದ್ದರು.

ಅವರು ಹಾಸನ ಪೇಟೆಯ ವ್ಯಾಪಾರಿ ಮನೆತನದವರು. ಅಂಗಡಿ ಅಣ್ಣಂದಿರಿಗೆ ಬಿಟ್ಟು ಸಸ್ಯಶಾಸ್ತ್ರ ಓದಿದ್ದರು. ಬೇರೆ ಅಧಿಕಾರಿಗಳು ಪೆನ್ನು ಸಿಕ್ಕಿಸಿಕೊಳ್ಳುವ ಕೋಟಿನ ಜೇಬಿನಲ್ಲಿ ಅವರ ಸಣ್ಣ ಕತ್ತರಿಯೂ ಚಿಮಟವೂ ಇರುತ್ತಿದ್ದವು. ಭತ್ತದ ಹೂವು ಅರಳುವುದಕ್ಕೆ ಮೊದಲೇ ಕಾಳಿನ ತುದಿಯನ್ನು ಕತ್ತರಿಸಿ, ಒಳಗಿನ ಗಂಡು ಎಳೆಗಳನ್ನು ಚಿಮಟದಿಂದ ಎತ್ತಿ ಹಾಕಬೇಕು. ಆಮೇಲೆ ಬೇರೆ ತಳಿಯ ತೆನೆ ತಂದು ಅದರ ಹುಡಿಯನ್ನು ಉದುರಿಸಿ, ಕಾಗದದ ಚೀಲ ಕಟ್ಟಬೇಕು. ಈ ಕೆಲಸ ನಡೆಯುವಾಗ ಅವರು ಕೆಮ್ಮುವುದಕ್ಕೂ ಗದ್ದೆಯ ಆಚೆ ಹೋಗುತ್ತಿದ್ದರು. ಕಳೆ ಕೀಳುವ ಹೆಂಗಸರು, "ಸಾಹೇಬ್ರು ಇವತ್ತು ಯಾರ್ಗ್ಯಾರ್ಗೆ ಮದ್ವೆ ಮಾಡ್ತಾವ್ರಮ್ಮೀ?" ಎಂದು ನಗುತ್ತಿದ್ದರು. "ಊಟಕ್ಕೆ ಕರೀತೀನಿ, ಆದ್ರೆ ನಾಲ್ಕು ತಿಂಗಳು ಕಾಯ್ಬೇಕು" ಎಂದು ಅವರು ತಲೆ ಎತ್ತದೆಯೇ ಉತ್ತರ ಕೊಡುತ್ತಿದ್ದರು.

ಒಮ್ಮೆ ಹಾಸನದಲ್ಲಿ ನೆಂಟರ ಮದುವೆ. ದಾರದ ಗಂಟು ಬಿಗಿದುಹೋಗಿ ಪುರೋಹಿತರು ಕತ್ತರಿ ಕತ್ತರಿ ಎಂದು ಕೂಗಿದರು. ಇವರು ಜೇಬಿನಿಂದ ತೆಗೆದು ಕೊಟ್ಟರು. ಕೊಡುವಾಗ, "ಒರೆಸ್ಕೊಳ್ಳಿ ಸ್ವಾಮಿ, ಬೆಳಿಗ್ಗೆ ಇದರಲ್ಲೇ ಒಂದಷ್ಟು ಗಂಡು ತೆಗೆದಿದೀನಿ" ಎಂದರು. ಹಸೆಯ ಮೇಲಿದ್ದ ಮದುಮಗ ಬೆವೆತುಹೋದನಂತೆ. ಜನ ಯಾಕೆ ನಕ್ಕರೆಂದು ಸಾಹೇಬರಿಗೆ ಮನೆಗೆ ಬಂದ ಮೇಲೆ ಅವರ ಹೆಂಡತಿ ಹೇಳಬೇಕಾಯಿತು.

ಅವರು ಇಷ್ಟು ಕಷ್ಟಪಡುತ್ತಿದ್ದದ್ದು ಒಂದೇ ವಿಷಯಕ್ಕೆ. ನಮ್ಮ ಸೀಮೆಯಲ್ಲಿ ಭತ್ತ ಬಲಿತು ಕೊಯ್ಲಿಗೆ ನಿಂತಾಗ ಮೋಡ ಕಟ್ಟಿ ಹಿಡಿದ ಮಳೆ ಬಿಡುವುದಿಲ್ಲ. ಪೈರು ಮಲಗುತ್ತದೆ. ಎರಡು ಮೂರು ದಿನ ನೀರಿನಲ್ಲಿ ಬಿದ್ದರೆ ತೆನೆಯಲ್ಲಿದ್ದಂತೆಯೇ ಕಾಳು ಮೊಳಕೆ ಒಡೆಯುತ್ತದೆ. ಅಂಥ ಭತ್ತದ ಅನ್ನ ಅಂಟಂಟು, ಬಾಯಿಗೆ ಮುಗ್ಗಲು ಸಿಹಿ. ಬಿತ್ತನೆಗಂತೂ ಬಾರದು. ಮನೆಗಳಲ್ಲಿ ಇಷ್ಟಪಟ್ಟು ಬೆಳೆಯುತ್ತಿದ್ದ ಬಿಳಿ ಭತ್ತಕ್ಕೆ ಈ ರೋಗ ಹೆಚ್ಚು. ಅರಕಲಗೂಡಿನ ಕಡೆ ಜೌಗಿನ ಅಂಚಿನಲ್ಲಿ ತಾನಾಗಿ ಬೆಳೆಯುವ ಒಂದು ಒರಟು ಕೆಂಪು ಭತ್ತವಿತ್ತು. ಅದು ಕೆಸರಿಗೆ ಉದುರಿ, ಚಳಿಗಾಲ ಬೇಸಿಗೆ ಎರಡನ್ನೂ ಅಲ್ಲೇ ಮಲಗಿ ಕಳೆದು, ಮುಂಗಾರಿಗೆ ಏಳುತ್ತಿತ್ತು. ಆ ನಿದ್ದೆಯನ್ನು ಬಿಳಿ ಭತ್ತಕ್ಕೆ ತರಬೇಕು. ಅವರ ಕೆಲಸವೆಲ್ಲ ಅಷ್ಟೇ.

ದಂಡಿಗನಹಳ್ಳಿಯಲ್ಲಿ ರೈತರ ಮುಂದೆ ಇದನ್ನು ಹೇಳುತ್ತಿದ್ದಾಗ ಒಬ್ಬ ಎದ್ದು ಕೇಳಿದ. "ಅಲ್ಲಾ ಸಾ, ಕಾಳ್ಗೆ ಈಗ ಮಲಕ್ಕೊ, ಈಗ ಏಳು ಅಂತ ಏಳೋರ್ಯಾರು?"

ಸಾಹೇಬರಿಗೆ ಅಂಥ ಪ್ರಶ್ನೆ ಸಿಕ್ಕರೆ ಹಬ್ಬ. ಅಂಗಿಯ ತೋಳು ಮಡಿಸಿದರು. "ಅರ್ಧ ತಾಯಿ ಹೇಳ್ತಾಳೆ, ಅರ್ಧ ಅದಕ್ಕೇ ಹುಟ್ಟಿನಿಂದ ಗೊತ್ತಿರುತ್ತೆ. ಹೂವು ಕಚ್ಚಿದ ಮೇಲೆ ಕಾಳು ಮೊದಲು ಹಾಲು, ಆಮೇಲೆ ಹಿಟ್ಟು, ಆಮೇಲೆ ಗಟ್ಟಿ. ಹಾಲಲ್ಲಿದ್ದಾಗ ಒಳಗಿನ ಕೂಸು ಬೆಳೀತಾನೇ ಇರುತ್ತೆ. ಹಾಗೇ ಬೆಳೀತಾ ಹೋದ್ರೆ ತಾಯಿ ಸೊಂಟದ ಮೇಲೇ ಮೊಳಕೆ ಬರ್ಬೇಕಲ್ಲ? ಬರಲ್ಲ. ಯಾವುದೋ ಒಂದು ರಸ ಬಂದು, ಸಾಕು, ಮಲಗು ಅನ್ನುತ್ತೆ. ಕಾಳು ನೀರು ಬಿಟ್ಟು ಒಣಗಿ ಮಲಗುತ್ತೆ. ಆ ರಸ ಎಷ್ಟು ದಿನ ಇರ್ಬೇಕು ಅನ್ನೋದು ವಂಶದಿಂದ ಬರುತ್ತೆ. ಬಿಳಿ ಭತ್ತದ ವಂಶದಲ್ಲಿ ಅದು ಕಡಿಮೆ."

"ಅಂಗಾದ್ರೆ ನಮ್ ಬಾಮೈದ್ನ ವಂಸದಲ್ಲಿ ಜಾಸ್ತಿ ಐತೆ ಕಣ್ ಸಾ. ಏಳೋದೇ ಇಲ್ಲ."

ಬಾಮೈದ ಅಲ್ಲೇ ಕೂತಿದ್ದ. ಸಭೆ ಅಲ್ಲಿಗೆ ಮುಗಿಯಿತು.

ಮೊಳಕೆಯನ್ನು ಬೆಳೆಸುವ ರಸದ ಮಾತು ಆಗಲೇ ಹೊರದೇಶದ ಪತ್ರಿಕೆಗಳಲ್ಲಿ ಬರುತ್ತಿತ್ತು. ಅವರು ತರಿಸಿ ಓದುತ್ತಿದ್ದರು. ಮಲಗಿಸುವ ರಸ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ; ಅದಕ್ಕೆ ಹೆಸರು ಬಂದದ್ದು ಬಹಳ ವರ್ಷಗಳ ಮೇಲೆ. ಅವರು ಅದನ್ನು ಜೋಗುಳ ಎನ್ನುತ್ತಿದ್ದರು. "ಈ ಸಾಲಿಗೆ ಜೋಗುಳ ಸಾಲದು, ಕಿತ್ತು ದನಕ್ಕೆ ಹಾಕಿ" ಎಂದು ಅವರು ಗದ್ದೆಯ ಬದುವಿನಿಂದ ಹೇಳಿದರೆ ಹೊಸದಾಗಿ ಬಂದವರು ನನ್ನ ಮುಖ ನೋಡುತ್ತಿದ್ದರು.

ಕೆಂಪಿಗೂ ಬಿಳಿಗೂ ಹುಟ್ಟಿದ ಮಕ್ಕಳೆಲ್ಲ ಕೆಂಪಾದವು, ಚೆನ್ನಾಗಿ ಮಲಗಿದವು. ಮೊಮ್ಮಕ್ಕಳಲ್ಲಿ ಬಿಳಿ ಕಾಣಿಸಿಕೊಂಡಿತು. ಆದರೆ ಬಿಳಿಯವು ನೀರು ಸೋಕಿದ ಕೂಡಲೇ ಏಳುತ್ತಿದ್ದವು. ಬಣ್ಣವೂ ನಿದ್ದೆಯೂ ಕೈ ಹಿಡಿದುಕೊಂಡು ನಡೆಯುತ್ತಿದ್ದವು. ಕೆಂಪು ಅಕ್ಕಿಯನ್ನು ಕೊಟ್ಟರೆ ಜನ ಬೇಡವೆನ್ನುತ್ತಾರೆ. ಪ್ರತಿ ಸುಗ್ಗಿಯಲ್ಲೂ ಬಿಳಿ ಕಾಳಿನ ತೆನೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಡುವುದು, ಬಿಚ್ಚಿ ನೋಡುವುದು, ಮೊಳೆತದ್ದನ್ನು ಎಸೆಯುವುದು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಹೀಗೆ ಹಲವು ವರ್ಷ ಕಳೆದಿದ್ದವು. ಒಂದು ಬೆಳಿಗ್ಗೆ ಅವರು ಗೋಣಿಯಿಂದ ಒಂದು ತೆನೆಯನ್ನು ಎತ್ತಿ, ನನ್ನ ಕೈಗೆ ಕೊಟ್ಟರು. ಬಿಳಿ ಕಾಳು. ಒಂದಕ್ಕೂ ಮೊಳಕೆಯಿಲ್ಲ. ಮಧ್ಯಾಹ್ನಕ್ಕೆ ಮೊದಲು ಕಾಫಿ ಮುಟ್ಟದ ಮನುಷ್ಯ ಅಂದು ಹತ್ತು ಗಂಟೆಗೇ ಎಲ್ಲರಿಗೂ ಕಾಫಿ ತರಿಸಿದರು.

ಆ ಒಂದು ತೆನೆಯಿಂದ ಬೆಳೆಸಿದ ಬೀಜವನ್ನು ಮೊದಲು ಕೊಟ್ಟದ್ದು ಚಿಕ್ಕೇಗೌಡರಿಗೆ. ಅವರ ಗದ್ದೆ ನಾಲೆಯ ಕೆಳಗೆ, ತಗ್ಗಿನಲ್ಲಿತ್ತು. ಆ ವರ್ಷ ಕೊಯ್ಲಿಗೆ ಸರಿಯಾಗಿ ಮಳೆ ಹಿಡಿಯಿತು. ಅಕ್ಕಪಕ್ಕದ ಗದ್ದೆಗಳ ತೆನೆ ಹಸಿರು ಗಡ್ಡ ಬಿಟ್ಟವು. ಚಿಕ್ಕೇಗೌಡರ ಇನ್ನೊಂದು ತಾಕಿನ ಹಳೇ ಭತ್ತಕ್ಕೂ ಅದೇ ಗತಿ. ಹೊಸ ಭತ್ತ ಮಾತ್ರ ನೀರಲ್ಲಿ ಬಿದ್ದೂ ಎಚ್ಚರವಾಗಲಿಲ್ಲ. ಸಾಹೇಬರು ಬದುವಿನ ಮೇಲೆ ಕೆಸರು ಕಾಲಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದರು, ಮತ್ತೆ ನಡೆದರು. ನೋಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ನಡೆದರು.

ಆಗ ಸರ್ಕಾರದ ಹುಕುಂ ಬಂತು. ಧಾನ್ಯ ಸಾಲದು, ಈ ಸಲ ಬೇಸಿಗೆ ಬೆಳೆಗೂ ನಾಲೆ ಬಿಡುತ್ತೇವೆ, ಎಲ್ಲರೂ ಬೆಳೆಯಿರಿ. ಸಾಹೇಬರು ತಾವೇ ಹಳೇಕೋಟೆಗೆ ಹೋಗಿ, "ಗೌಡ್ರೆ, ಹೊಸ ಭತ್ತ ಇದೆಯಲ್ಲ, ತಕ್ಷಣ ನೆನೆಹಾಕಿ" ಎಂದು ಹೇಳಿ ಬಂದರು. ನಾನೂ ಜೊತೆಯಲ್ಲಿದ್ದೆ. ನಮ್ಮ ಕಡೆ ಬಿತ್ತನೆ ಭತ್ತವೆಂದರೆ ಹುಲ್ಲಿನ ಮೂಡೆ ಕಟ್ಟಿ ಮುಂಗಾರಿನವರೆಗೆ ಇಡುವುದು ರೂಢಿ. ಕಣದಿಂದ ಬಂದ ಭತ್ತವನ್ನು ತಿಂಗಳೊಳಗೆ ಬಿತ್ತಿದವರೇ ಇರಲಿಲ್ಲ.

ವಾರ ಕಳೆಯಿತು. ಚಿಕ್ಕೇಗೌಡರು ಫಾರಂನ ಮೆಟ್ಟಿಲಿಗೆ ಒಂದು ಒದ್ದೆ ಮೂಟೆಯನ್ನು ದೊಪ್ಪನೆ ಇಳಿಸಿದರು. ಹಿಂದೆಯೇ ನಿಂಗಮ್ಮ.

"ಸಾ, ನಿಮ್ ಬತ್ತ ಸತ್ತೋಗೈತೆ ಕಣ್ ಸಾ."

"ಏನು?"

"ನೆನೆಹಾಕ್ದೆ, ಮೂಟೆ ಕಟ್ದೆ, ಕಲ್ಲೇರ್ದೆ. ಬಿಚ್ಚಿದ್ರೆ ಎಂಗಿತ್ತೋ ಅಂಗೇ ಐತೆ. ಮನೇಲಿನ್ನೆರಡು ಮೂಟೆ ಒಣಗಿದ್ದು ಅವೆ, ಅವೂ ಇದೇ ಜಾತಿ ತಾನೆ? ಅಳೇ ಬತ್ತ ಮಳೇಲಿ ಮೊಳ್ತೋಯ್ತು. ಈಗ ನಾನೇನ್ ಬಿತ್ಲಿ, ಕಲ್ಲಾ?"

ಸಾಹೇಬರು ಒಂದು ಕಾಳನ್ನು ಉಗುರಿನಿಂದ ಸುಲಿದು, ಬುಡದಲ್ಲಿರುವ ಮೊಳಕೆಯ ಕಣ್ಣನ್ನು ಬೆಳಕಿಗೆ ಹಿಡಿದರು. ಇನ್ನೊಂದು ಸುಲಿದರು. ಆಮೇಲೆ ತಮ್ಮ ಹಣೆಯನ್ನು ತಾವೇ ಅಂಗೈಯಿಂದ ಒಮ್ಮೆ ಹೊಡೆದುಕೊಂಡರು. ಸದ್ದು ನನಗೂ ಕೇಳಿಸಿತು.

"ಸತ್ತಿಲ್ಲ ಗೌಡ್ರೆ. ಮಲಗಿದೆ. ಇಷ್ಟು ವರ್ಷ ಕೂತು ನಾನೇ ಮಲಗಿಸಿದ್ದು. ಈಗ ತಕ್ಷಣ ಎಬ್ಬಿಸಿ ಅಂತ ನಿಮಗೆ ಹೇಳಿ ಬಂದಿದೀನಿ."

"ಮಲಗ್ಸಿದ್ ಮ್ಯಾಲೆ ಯಾವಾಗ ಏಳ್ತದೆ ಅಂತ ಕೇಳ್ಬೇಕಲ್ವ ಸಾಮಿ?" ಎಂದರು ನಿಂಗಮ್ಮ. "ನಾನು ಏಳು ಮಕ್ಳ ಮಲಗ್ಸಿವ್ನಿ."

"ಕೇಳ್ಬೇಕಿತ್ತಮ್ಮ" ಎಂದರು ಸಾಹೇಬರು. ಬೇರೆ ಯಾವ ಅಧಿಕಾರಿಯೂ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಸುಲಿದ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಇಟ್ಟೆವು. ಮೂರನೆಯ ದಿನಕ್ಕೆ ಅವು ಬೆಳ್ಳಗೆ ಮೂತಿ ಚಾಚಿದವು. ಜೀವ ಇದೆಯೆಂದು ತಿಳಿಯಿತು. ಆದರೆ ಮೂಟೆ ಭತ್ತವನ್ನೆಲ್ಲ ಉಗುರಿನಲ್ಲಿ ಸುಲಿಯುವುದು ಆಗದ ಮಾತು, ಸುಲಿದ ಕಾಳು ಕೆಸರಿನಲ್ಲಿ ಉಳಿಯುವುದೂ ಇಲ್ಲ. ಕೆಲವು ದಿನ ಒಣ ಶಾಖದಲ್ಲಿ ಇಟ್ಟರೆ ಇಂಥ ನಿದ್ದೆ ಕಳಚುತ್ತದೆಂದು ಅವರು ಓದಿದ್ದರು. ಪುಷ್ಯ ಮಾಸದ ಬಿಸಿಲು, ಹತ್ತು ಗಂಟೆಯವರೆಗೆ ಇಬ್ಬನಿ. ಶಾಖ ಎಲ್ಲಿಂದ ಬರಬೇಕು? ಹಳೇಕೋಟೆಯ ಜಗಲಿಯಲ್ಲಿ ಕೂತು ಈ ಯೋಚನೆ ಮಾಡುತ್ತಿದ್ದಾಗ ನಿಂಗಮ್ಮ ಸಂಚಿ ಬಿಚ್ಚಿ ಎಲೆಗೆ ಚೂರು ಹೊಗೆಸೊಪ್ಪು ಮುರಿದುಕೊಂಡರು.

"ಎಲ್ಲಿ ಸೊಪ್ಪಮ್ಮ ಇದು?"

"ಕೊಣ್ನೂರ್ ಸಂತೇದು. ಬೇಕಾ?"

ಸಾಹೇಬರು ಎದ್ದು ನಿಂತರು. ಕೊಣನೂರಿನ ಕಡೆ ಸಿಗರೇಟಿನ ಹೊಗೆಸೊಪ್ಪು ಹದಮಾಡಲು ಆಗಷ್ಟೇ ಬ್ಯಾರನ್‌ಗಳನ್ನು ಕಟ್ಟಿದ್ದರು. ಎತ್ತರದ ಮಣ್ಣಿನ ಮನೆ, ನೆಲದಲ್ಲಿ ತಗಡಿನ ಕೊಳವೆ, ಹೊರಗಿನಿಂದ ಬೆಂಕಿ. ಹೊಗೆ ಒಳಗೆ ಬಾರದು, ಶಾಖ ಮಾತ್ರ. ಗೋಡೆಯ ಕಿಂಡಿಯಲ್ಲಿ ಥರ್ಮಾಮೀಟರ್. ಸೊಪ್ಪಿನ ಕಾಲ ಮುಗಿದು ಎಲ್ಲ ಖಾಲಿ ಬಿದ್ದಿದ್ದವು.

ಎರಡು ಮೂಟೆಯನ್ನು, ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನ ಮೇಲೆ ಹೇರಿಕೊಂಡು ಹೊರಟೆವು. ಅರಕಲಗೂಡಿನ ಹತ್ತಿರ ಏರಿನಲ್ಲಿ ಬಸ್ಸು ಉಬ್ಬಸಪಟ್ಟು ನಿಂತಿತು. ಎಲ್ಲರೂ ಇಳಿದು ತಳ್ಳಿದೆವು, ಸಾಹೇಬರೂ ತಳ್ಳಿದರು. ಮಹಾದೇವಪ್ಪನವರು ತಮ್ಮ ಬ್ಯಾರನ್ನಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

"ಸಾಹೇಬ್ರೆ, ಭತ್ತ ಬೇಯ್ಸಕ್ಕೆ ಒಲೆ ಸಾಕಾಗಿತ್ತಲ್ಲ? ಇಲ್ಲಿಟ್ರೆ ಅನ್ನ ಉಂಡೋರು ಕೆಮ್ಮೋದಿಲ್ವಾ?"

"ಬೇಯಬಾರದು. ಸ್ನಾನದ ನೀರಿಗಿಂತ ಸ್ವಲ್ಪ ಹೆಚ್ಚು ಬಿಸಿ ಇರ್ಬೇಕು, ಅಷ್ಟೇ. ಅದಕ್ಕಿಂತ ಮೇಲೆ ಹೋದ್ರೆ ಈಗ ಮಲಗಿರೋದು ನಿಜವಾಗ್ಲೂ ಸಾಯುತ್ತೆ."

ಬಿದಿರಿನ ತಟ್ಟೆಗಳಲ್ಲಿ ಭತ್ತವನ್ನು ತೆಳ್ಳಗೆ ಹರಡಿ ಗಳಗಳ ಮೇಲೆ ಸಾಲಾಗಿ ಇಟ್ಟೆವು. ಸಾಹೇಬರು ಥರ್ಮಾಮೀಟರಿಗೆ ಒಂದು ಕೆಂಪು ದಾರ ಕಟ್ಟಿದರು. ಪಾದರಸ ಆ ದಾರ ಮುಟ್ಟಕೂಡದು. ನಾನೂ ಅವರೂ ಸರದಿಯಲ್ಲಿ ಕಿಂಡಿಯ ಮುಂದೆ ಕೂತೆವು. ನಾಲ್ಕೈದು ದಿನ ಹೀಗೆ. ಅವರ ಸರದಿ ಮುಗಿದರೂ ಅವರು ಎದ್ದು ಹೋಗುತ್ತಿರಲಿಲ್ಲ, ಕಣ್ಣು ಮುಚ್ಚುತ್ತಲೂ ಇರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಮಹಾದೇವಪ್ಪನವರು ನಮಗೆ ಉಪಕಾರವಾಗಲೆಂದು ಹುಣಸೆಯ ದಪ್ಪ ಬೊಡ್ಡೆಯೊಂದನ್ನು ಒಲೆಗೆ ತಳ್ಳಿಬಿಟ್ಟರು. ಪಾದರಸ ದಾರವನ್ನು ದಾಟಿತು. ಸಾಹೇಬರು ಬಾಗಿಲು ತೆರೆದು, ಉರಿಯುವ ಬೊಡ್ಡೆಯನ್ನು ಗುದ್ದಲಿಯಿಂದ ಹೊರಗೆಳೆದು, ಅದರ ಮೇಲೆ ನೀರು ಸುರಿದು, ಮತ್ತೆ ಕಿಂಡಿಯ ಮುಂದೆ ಬಂದು ಕೂತರು. ಕೋಟಿನ ತೋಳು ಸುಟ್ಟು ಕಪ್ಪಾಗಿತ್ತು. ಪಾದರಸ ಇಳಿಯಿತು. ಎಷ್ಟು ಹೊತ್ತು ಮೇಲಿತ್ತು, ಕಾಳಿಗೆ ಏನಾಯಿತು ಎಂದು ಹೇಳುವವರು ಯಾರೂ ಇರಲಿಲ್ಲ. ಮಹಾದೇವಪ್ಪನವರು ಅಂದು ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ಭತ್ತವನ್ನು ಹಳೇಕೋಟೆಗೆ ತಂದು ನೆನೆಹಾಕಿ, ಬಸಿದು, ಚೀಲ ಕಟ್ಟಿ ಕಲ್ಲು ಹೇರಿದೆವು. ಬಿಚ್ಚುವ ದಿನ ಮಹಾದೇವಪ್ಪನವರು ಬಸ್ಸು ಹಿಡಿದು ಹಳೇಕೋಟೆಗೆ ಬಂದದ್ದು ತಮ್ಮ ಬೊಡ್ಡೆಯಿಂದ ಏನಾಯಿತೆಂದು ನೋಡಲು.

ಹಾಗೆ ಆ ಶುಕ್ರವಾರ ಬೆಳಿಗ್ಗೆ ನಾವು ಐವರೂ ಆ ಎರಡು ಚೀಲದ ಸುತ್ತ ನಿಂತಿದ್ದೆವು.

"ಅಮ್ಮ, ನೀವು ನೋಡಿ" ಎಂದರು ಸಾಹೇಬರು. "ಕಟ್ಟು ಬಿಚ್ಚಬೇಡಿ. ಪಕ್ಕದಿಂದ ಕೈ ಹಾಕಿ."

ಚಿಕ್ಕೇಗೌಡರು ಕಲ್ಲನ್ನು ಇಳಿಸಿದರು. ನಿಂಗಮ್ಮ ಬಳೆಗಳನ್ನು ಮೊಣಕೈಗೆ ಸರಿಸಿ, ಚೀಲದ ಬಾಯಿಯ ಸಂದಿಯಲ್ಲಿ ಕೈ ತೂರಿಸಿದರು. ಮೊಣಕೈವರೆಗೂ ಹೋಯಿತು. ಮಹಾದೇವಪ್ಪನವರು ಗೋಡೆಯ ಕಡೆ ತಿರುಗಿ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿದ್ದರು.

"ಏನವ್ವಾ? ಎಂಗೈತೆ?" ಎಂದರು ಚಿಕ್ಕೇಗೌಡರು.

"ಇರ್ಲಾ." ನಿಂಗಮ್ಮ ಇನ್ನೂ ಆಳಕ್ಕೆ ಕೈ ತಳ್ಳಿದರು. "ಕೂಸ್ಗೆ ಜರ ಬಂದಂಗೈತೆ ಸಾಮಿ. ಸುಡ್ತೈತೆ."

ಮೊಳೆಯುವ ಭತ್ತ ಒಳಗೊಳಗೇ ಬಿಸಿಯಾಗುತ್ತದೆ. ಸತ್ತದ್ದು, ಮಲಗಿದ್ದು ತಣ್ಣಗಿರುತ್ತದೆ. ಸಾಹೇಬರು ನೆಲದ ಮೇಲೆ, ಸಗಣಿ ಸಾರಿಸಿದ ಜಾಗದಲ್ಲೇ ಕೂತುಬಿಟ್ಟರು. ಚಿಕ್ಕೇಗೌಡರು ಕಟ್ಟು ಕಿತ್ತು ಚೀಲವನ್ನು ಬೋರಲು ಹಾಕಿದರು. ಕಾಳಿಗೆ ಕಾಳು ಹೆಣೆದುಕೊಂಡು, ಬಿಳಿ ಮೊಳಕೆಗಳ ಗಡ್ಡೆ ಹಬೆಯಾಡುತ್ತ ಬಿತ್ತು. ಅಲ್ಲೊಂದು ಇಲ್ಲೊಂದು ಮೊಳೆಯದ ಕಾಳಿತ್ತು.

"ಇವು?" ಎಂದರು ಮಹಾದೇವಪ್ಪನವರು, ಒಂದನ್ನು ಬೆರಳಲ್ಲಿ ಎತ್ತಿ.

"ನಿಮ್ಮ ಬೊಡ್ಡೆ ತಿಂದದ್ದು" ಎಂದರು ಸಾಹೇಬರು. ಆಮೇಲೆ ನಕ್ಕರು. ಆ ನಗು ನಿಲ್ಲಲು ಬಹಳ ಹೊತ್ತಾಯಿತು. ಮಹಾದೇವಪ್ಪನವರೂ ನಕ್ಕರು, ಕಣ್ಣೊರೆಸಿಕೊಂಡರು.

ಉಳಿದದ್ದು ಕೆಲಸ. ಪಾತಿಯ ಕೆಸರು ಸಮಮಾಡಿದೆವು, ಮಂಕರಿಗಳಲ್ಲಿ ಮೊಳಕೆ ಹೊತ್ತೆವು, ಗಂಟು ಬಿಡಿಸಿ ತೆಳ್ಳಗೆ ಚೆಲ್ಲಿದೆವು. ಮಹಾದೇವಪ್ಪನವರು ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಹೊಗೆಸೊಪ್ಪಿನವರಿಗೆ ಭತ್ತ ಚೆಲ್ಲಲು ಬರುವುದಿಲ್ಲವೆಂದು ಚಿಕ್ಕೇಗೌಡರು ಹಾಸ್ಯ ಮಾಡಿದರು, ಅವರು ಬೇಕೆಂದೇ ಇನ್ನೊಂದು ಮಂಕರಿ ಎತ್ತಿಕೊಂಡರು. ಹೊತ್ತು ಇಳಿಯುವಾಗ ಚೆಲ್ಲಿ ಮುಗಿಯಿತು. ಇನ್ನುಳಿದದ್ದು ಒಂದೇ. ಪಾತಿಯ ನೀರನ್ನು ಬಸಿಯಬೇಕು, ಇಲ್ಲವಾದರೆ ಮೊಳಕೆ ಕೊಳೆಯುತ್ತದೆ. ಅದನ್ನು ಸಾಹೇಬರು ಬೆಳಗಿನಿಂದ ಹತ್ತು ಸಲ ಹೇಳಿದ್ದರು. ಈಗಲೇ ಬಸಿಯಲೇ ಎಂದು ಅವರನ್ನು ಕೇಳಲು ಕೊಟ್ಟಿಗೆಗೆ ಬಂದೆ.

ಸಾಹೇಬರು ಖಾಲಿ ಗೋಣಿಚೀಲಕ್ಕೆ ಒರಗಿ, ಬಾಯಿ ತೆರೆದು, ಹಗಲಲ್ಲೇ ಗಾಢವಾಗಿ ನಿದ್ದೆ ಹೋಗಿದ್ದರು. ಸುಟ್ಟ ತೋಳಿನ ಕೋಟನ್ನು ಯಾರೋ ಅವರ ಮೇಲೆ ಹೊದಿಸಿದ್ದರು. ಟೋಪಿ ಪಕ್ಕದಲ್ಲಿ ಉರುಳಿತ್ತು. ನಾನು ಅವರದೇ ಅಭ್ಯಾಸದಂತೆ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ.

"ಏಳಿಸ್ಬ್ಯಾಡ ಕಣಪ್ಪ" ಎಂದರು ಬಾಗಿಲಲ್ಲಿ ಕೂತಿದ್ದ ನಿಂಗಮ್ಮ. "ಎಚ್ಚರಾಗೋ ಒತ್ಗೆ ತಾನೇ ಎದ್ದೇಳ್ತಾರೆ."

ನಾನು ಹಿಂದಕ್ಕೆ ಹೋದೆ. ಪಾತಿಯ ತಗ್ಗಿನ ಮೂಲೆಯಲ್ಲಿ ಬದುವನ್ನು ಅಂಗೈಯಷ್ಟು ಕಡಿದೆ. ನೀರು ಹರಿದು ಹೋಯಿತು. ಮೊಳಕೆಗಳು ಕೆಸರಿನ ಮೇಲೆ ನೆಟ್ಟಗೆ ಕಂಡವು. ಕಡಿದ ಬದುವನ್ನು ಮತ್ತೆ ಕಟ್ಟಿ, ಗುದ್ದಲಿ ತೊಳೆದು ಮೂಲೆಗೆ ಒರಗಿಸಿ ಬಂದಾಗ ಸಾಹೇಬರು ಕಣ್ಣು ಬಿಟ್ಟಿದ್ದರು.

"ನೀರು?"

"ಬಸಿದಾಯ್ತು ಸಾರ್."